ಎಲ್ಲರಿಗೂ ಬರುವಂಥ ರೋಗ ಅಂದುಕೊಂಡಿದ್ದೆ

ಆ ದಿನ ಬೆಳಿಗ್ಗೆ ಮುಖ ತೊಳೆದು ಕನ್ನಡಿ ನೋಡಿಕೊಂಡಾಗ ಬಲಗಣ್ಣು ಕೆಂಪಗಿತ್ತು. ಸ್ವಲ್ಪ ನೋವು. ನೀರು ಸೋರುತ್ತಿತ್ತು. ಬಾಗಿಲಿನಿಂದ ಬೆಳಕು ಬಿದ್ದರೆ ರೆಪ್ಪೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಆ ಮಳೆಗಾಲ ಭಾಲ್ಕಿಯಲ್ಲಿ ಕಣ್ಣು ಬರದ, ಅಂದರೆ ಕಣ್ಣುಬೇನೆ ಹತ್ತದ, ಮನೆಯೇ ಇರಲಿಲ್ಲ. ಶಾಲೆಯ ಮಕ್ಕಳು ಕಪ್ಪು ಕನ್ನಡಕ ಹಾಕಿಕೊಂಡು ದೊಡ್ಡ ಮನುಷ್ಯರ ಹಾಗೆ ಓಡಾಡುತ್ತಿದ್ದವು. ಬಸ್ಸಿನ ಕಂಡಕ್ಟರ್ ಕೂಡ ಕಪ್ಪು ಕನ್ನಡಕದಲ್ಲೇ ಚಿಲ್ಲರೆ ಎಣಿಸುತ್ತಿದ್ದ. ಈಗ ನನ್ನ ಸರದಿ ಬಂತು ಅಂದುಕೊಂಡೆ.

ನನಗೆ ಖುಷಿಯಾಯಿತು.

ಕಣ್ಣು ಕೆಂಪಾದರೆ ಖುಷಿಪಡುವ ಹುಚ್ಚಿ ಎಲ್ಲಿದ್ದಾಳೆ ಎಂದು ಓದುವವರು ನಗಬಹುದು. ನನ್ನ ಮೈಮೇಲಿನ ರೋಗದ ಜೊತೆ ಬಾಳಿ ನೋಡಿದವರು ನಗಲಿಕ್ಕಿಲ್ಲ. ಮಗಳು ಹುಟ್ಟಿದ ಮರುವರ್ಷ ಮೊಣಕೈ ಮೇಲೆ ಒಂದು ಕೆಂಪು ಮಚ್ಚೆ ಎದ್ದಿತ್ತು. ಅದರ ಮೇಲೆ ಬಿಳಿ ಪದರ. ಕೆರೆದರೆ ಹೊಟ್ಟಿನ ಹಾಗೆ ಉದುರುತ್ತಿತ್ತು. ಆಮೇಲೆ ಮೊಣಕಾಲು, ಆಮೇಲೆ ತಲೆ, ಕಿವಿಯ ಹಿಂದೆ, ಕತ್ತಿನ ಹಿಂಭಾಗ. ಒಬ್ಬರು ಇಸಬು ಅಂದರು, ಒಬ್ಬರು ಗಜಕರ್ಣ ಅಂದರು, ನಾಗದೋಷ ಅಂದವರೂ ಇದ್ದರು. ಬೀದರದ ಚರ್ಮದ ಡಾಕ್ಟರು ಮಾತ್ರ ಸೋರಿಯಾಸಿಸ್ ಅಂದರು. ಇದು ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕು, ಆದರೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂದು ತಿಳಿಸಿ ಹೇಳಿದರು. ಹರಡುವುದಿಲ್ಲ ಎಂದು ನನಗೊಬ್ಬಳಿಗೆ ಹೇಳಿದರೆ ಏನು ಬಂತು? ಊರಿಗೆ ಹೇಳಬೇಕಿತ್ತು.

ನನ್ನ ಕೆಲಸವಾದರೂ ಎಂಥದ್ದು? ಕರಿಮಣಿ ಪೋಣಿಸುವುದು. ಭಾಲ್ಕಿಯ ಸರಾಫ ಅಂಗಡಿಗಳ ಸಾಲಿನಲ್ಲಿ ಒಂದು ಕಟ್ಟೆ ನಮ್ಮದು, ಮೊದಲು ನಮ್ಮ ಅತ್ತೆ ಕೂಡುತ್ತಿದ್ದ ಜಾಗ. ತಾಳಿ, ಬಂಗಾರದ ಗುಂಡು, ಹವಳ, ಕರಿಮಣಿ ಎಲ್ಲವನ್ನೂ ರೇಷ್ಮೆ ದಾರಕ್ಕೆ ಏರಿಸಿ ಗಂಟು ಹಾಕಿ ಕೊಡುತ್ತೇನೆ. ಬಂಗಾರ ಇರುತ್ತದಲ್ಲ, ಯಾರೂ ಬಿಟ್ಟು ಹೋಗುವುದಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನನ್ನ ಕೈ ಕಾಯುತ್ತಾರೆ. ಕೈ ನೋಡಿದವರು ಮೊಣಕೈ ನೋಡದೆ ಇರುತ್ತಾರೆಯೇ? ನಮ್ಮ ಕಡೆಯ ಬೇಸಿಗೆಯಲ್ಲೂ ನಾನು ತುಂಬು ತೋಳಿನ ಕುಪ್ಪಸ ಹಾಕಿದವಳು. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳುತ್ತಿದ್ದೆ. ಕರಿಮಣಿ ಚೆನ್ನಾಗಿ ಕಾಣಲಿ ಎಂದು ಈ ಕೆಲಸದವರೆಲ್ಲ ಹಾಸುತ್ತಾರೆ. ನಾನು ಉದುರಿದ ಹೊಟ್ಟು ಕಾಣದಿರಲಿ ಎಂದೂ ಹಾಸುತ್ತಿದ್ದೆ. ಆದರೂ ಒಮ್ಮೆ ಬಂದ ಕೆಲವರು ಮತ್ತೆ ಬರಲಿಲ್ಲ. ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಾರಿ ಬದಲಿಸುತ್ತಾರೆ, ಅಷ್ಟೆ.

ಹೀಗಿದ್ದವಳಿಗೆ ಕಣ್ಣು ಬಂತು. ಪಕ್ಕದ ಬಳೆ ಅಂಗಡಿಯಾಕೆಯನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವುದು. ಅವಳು ನನ್ನನ್ನು ನೋಡಿದವಳೇ ನಕ್ಕಳು.

"ಕ್ಯಾ ಗೇ ಕಸ್ತೂರಿ, ನಿನಗೂ ಬಂದವು ಕಣ್ಣು? ಜರಾ ದೂರ ಕೂಡು ತಾಯಿ. ನನ್ನವು ನಿನ್ನೇರ ಕಮ್ಮಿ ಆಗ್ಯಾವ."

"ನಿನ್ನವೇ ನನಗ ಹತ್ಯಾವ ಖಾಲಾ, ಸುಳ್ಳ ಹೇಳಬ್ಯಾಡ," ಅಂದೆ.

ಇಬ್ಬರೂ ನಕ್ಕೆವು. ನನ್ನ ರೋಗದ ಬಗ್ಗೆ ನಾನು ಇನ್ನೊಬ್ಬರ ಜೊತೆ ನಕ್ಕದ್ದು ಅದೇ ಮೊದಲು. ಗಿರಾಕಿ ಹೆಂಗಸರು ದೂರದಲ್ಲೇ ನಿಂತು, "ಗುಲಾಬಿ ನೀರ ಹಾಕ್ರಿ," "ಎಂಟ ದಿವಸಕ್ಕ ಹೋಗ್ತದ, ಅಂಜಬ್ಯಾಡ್ರಿ," ಎಂದು ಹೇಳಿ ಹೋದರು. ಕಮ್ಮಿಯಾದ ಮೇಲೆ ಬರುತ್ತೇವೆ ಎಂದೂ ಹೇಳಿದರು. ಊರಿನ ರೋಗದಲ್ಲಿ ನನಗೂ ಒಂದು ಪಾಲು ಸಿಕ್ಕಿತ್ತು. ಎಲ್ಲರ ಮನೆಯಲ್ಲೂ ಇರುವಂಥದ್ದು, ಹೆಸರು ಹೇಳಲು ನಾಚಿಕೆ ಇಲ್ಲದಂಥದ್ದು, ಬಂದು ಹೋಗುವಂಥದ್ದು. ನಾನೂ ಒಂದು ಕಪ್ಪು ಕನ್ನಡಕ ಕೊಂಡು ಅದನ್ನು ಮೆರೆಯುತ್ತಾ ಸಂತೆಗೆ ಹೋಗಿ ಬಂದೆ.

ಊರಿನವರ ಕಣ್ಣು ವಾಸಿಯಾದವು. ನನ್ನದು ಆಗಲಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ಎಲ್ಲರಿಗೂ ಕೊಡುತ್ತಿದ್ದ ಡ್ರಾಪ್ಸ್ ನನಗೂ ಕೊಟ್ಟರು. ಹಾಕಿದೆ. ಕೆಂಪು ಇಳಿಯಿತು. ಬಿಟ್ಟೆ. ಮತ್ತೆ ಕೆಂಪಾಯಿತು. ಮತ್ತೆ ಅದೇ ಬಾಟಲಿ ತಂದೆ. ದಸರಾ ಹೋಯಿತು, ದೀಪಾವಳಿ ಹೋಯಿತು, ನಾನು ಬಾಟಲಿ ತರುವುದೂ ಬಿಡುವುದೂ ನಡೆದೇ ಇತ್ತು. ಸೂಜಿ ಕೆಲಸದಿಂದ ಕಣ್ಣು ದಣಿದಿದೆ ಎಂದು ನಮ್ಮ ಮನೆಯವರು ಅಂದರು. ಅವರು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ. ಅವರ ಬಟ್ಟೆಯ ಹಿಟ್ಟು ಬಿದ್ದಿರಬೇಕು ಎಂದು ನಾನು ಅಂದೆ. ಮಗಳನ್ನು ಉದಗೀರಕ್ಕೆ ಕೊಟ್ಟಿದ್ದೇವೆ. ಮನೆಯಲ್ಲಿರುವ ಇಬ್ಬರು ಒಬ್ಬರ ಮೇಲೊಬ್ಬರು ತಪ್ಪು ಹಾಕಿಕೊಂಡು ಕಾಲ ಕಳೆದೆವು.

ಔರಾದದಲ್ಲಿ ನಮ್ಮ ಅಕ್ಕ ಇದ್ದಾಳೆ. ಅವಳ ಸೊಸೆ ಹೆತ್ತಿದ್ದಳು. ಬಾಣಂತಿಯ ಎದೆಹಾಲು ಹಾಕಿದರೆ ಕಣ್ಣು ತಂಪಾಗುತ್ತದೆ ಎಂದು ಅಕ್ಕ ಹೇಳಿ ಕಳಿಸಿದಳು. ಬಸ್ಸಿನಲ್ಲಿ ಕಿಟಕಿಯ ಬಿಸಿಲಿಗೆ ಬೆನ್ನು ಮಾಡಿ, ಸೆರಗು ಮುಖಕ್ಕೆ ಹೊದ್ದುಕೊಂಡು ಹೋದೆ. ಅಕ್ಕನ ಮನೆಯಲ್ಲಿ ನನಗೆ ಯಾವಾಗಲೂ ಬೇರೆ ಟವೆಲ್. ಹಿತ್ತಲ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿರುತ್ತಾಳೆ. ಅವಳು ಒಂದು ಮಾತೂ ಆಡಿದವಳಲ್ಲ, ನಾನೂ ಕೇಳಿದವಳಲ್ಲ. ಈ ಸಲ ಮಾತ್ರ ಬಾಯಿಬಿಟ್ಟು, "ಕಣ್ಣು ಬಂದಾವಲ್ಲ, ನಿನ್ನ ಟವೆಲ್ ಬ್ಯಾರೆ ಇಟ್ಟೀನಿ ನೋಡವ್ವ," ಅಂದಳು. ನನಗೆ ಚುಚ್ಚಲಿಲ್ಲ. ಕಣ್ಣು ಬಂದವರಿಗೆ ಯಾರಾದರೂ ಹಾಗೇ ಮಾಡುತ್ತಾರೆ ಎಂದು ಸಮಾಧಾನದಿಂದ ಮುಖ ಒರೆಸಿಕೊಂಡೆ. ಹಾಲು ಹಾಕಿಸಿಕೊಂಡರೂ ಕಣ್ಣು ತಂಪಾಗಲಿಲ್ಲ.

ಈಗ ಅದನ್ನೆಲ್ಲ ನೆನೆಸಿಕೊಂಡರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಅದು ಎಲ್ಲರಿಗೂ ಬರುವ ರೋಗವೇ ಆಗಿರಲಿ ಎಂದು ನನ್ನ ಮನಸ್ಸು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿತ್ತೆಂದರೆ, ಎಲ್ಲರಿಗೂ ಎರಡು ಕಣ್ಣು ಬಂದು ನನಗೆ ಒಂದೇ ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಎಲ್ಲರಿಗೂ ಗೀಜು ಕಟ್ಟಿ ರೆಪ್ಪೆ ಅಂಟಿಕೊಳ್ಳುತ್ತಿತ್ತು, ನನಗೆ ಬರೀ ನೀರು ಮತ್ತು ನೋವು. ಅದನ್ನೂ ಕೇಳಿಕೊಳ್ಳಲಿಲ್ಲ.

ಒಂದು ದಿನ ಕಟ್ಟೆಯ ಮೇಲೆ ಕೂತು ಸೂಜಿಗೆ ದಾರ ಏರಿಸುವಾಗ ಎಡಗಣ್ಣಿಗೆ ಬೆವರು ಇಳಿಯಿತು. ಎಡಗಣ್ಣು ಮುಚ್ಚಿದೆ.

ಸೂಜಿ ಮಾಯವಾಯಿತು.

ಕೈಯಲ್ಲೇ ಇತ್ತು, ಬೆರಳಿಗೆ ತಾಗುತ್ತಿತ್ತು, ಕಾಣುತ್ತಿರಲಿಲ್ಲ. ತೊಡೆಯ ಮೇಲಿನ ಕರಿಮಣಿಗಳು ಒಂದೊಂದಾಗಿ ಇರಲಿಲ್ಲ. ಬಿಳಿ ಬಟ್ಟೆಯ ಮೇಲೆ ಕಾಡಿಗೆ ಒರೆಸಿದಂತೆ ಕಂಡಿತು. ಎದುರು ಕೂತ ಹೆಂಗಸಿಗೆ ತಲೆನೋವು ಎಂದು ಸುಳ್ಳು ಹೇಳಿ, ಅವಳ ಬಂಗಾರ ಎಣಿಸಿ ಅವಳ ಸೆರಗಿಗೆ ಹಾಕಿ ಕಳಿಸಿದೆ. ಮರುದಿನ ಬೆಳಗಿನ ಬಸ್ಸಿಗೆ ಬೀದರಕ್ಕೆ ಹೋದೆವು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೆಷಿನ್ ಮೇಲೆ ಗಲ್ಲ ಇಡಿಸಿ, ಹಣೆ ಒತ್ತಿ ಹಿಡಿಯಲು ಹೇಳಿ, ಆ ಕಡೆಯಿಂದ ಬಹಳ ಹೊತ್ತು ನೋಡಿದರು. ಆಮೇಲೆ ನಾನು ತಂದಿದ್ದ ಬಾಟಲಿ ಕೈಗೆ ತೆಗೆದುಕೊಂಡರು.

"ಇದನ್ನ ಎಷ್ಟು ದಿವಸದಿಂದ ಹಾಕ್ಲಕತ್ತೀರಿ?"

"ಕೆಂಪಾದಾಗ ಹಾಕ್ತೇನ್ರಿ ಮೇಡಂ. ಕಮ್ಮಿ ಆದ ಕೂಡ್ಲೆ ಬಿಡ್ತೇನಿ."

"ಯಾರು ಬರದು ಕೊಟ್ಟಾರ?"

"ಯಾರೂ ಇಲ್ರಿ. ಊರಾಗ ಎಲ್ಲರಿಗೂ ಇದನ್ನೇ ಕೊಟ್ಟಾರ. ಎಲ್ಲರಿಗೂ ಕಣ್ಣು ಬಂದಿದ್ದವಲ್ರಿ."

"ಇದು ಎಲ್ಲರಿಗೂ ಬಂದ ಕಣ್ಣಲ್ಲಮ್ಮ," ಅಂದರು.

ನರ್ಸ್ ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿದಳು. ಅರ್ಧ ಗಂಟೆಯ ಮೇಲೆ ಮತ್ತೆ ನೋಡಿ, ಮೆಷಿನ್ನಿಗೆ ಮೊಬೈಲ್ ಹಿಡಿದು ಫೋಟೊ ತೆಗೆದು ನಮ್ಮ ಮನೆಯವರಿಗೂ ನನಗೂ ತೋರಿಸಿದರು. ಪಾಪೆ ದುಂಡಗೆ ಇರಬೇಕಂತೆ. ನನ್ನದು ಅಲ್ಲಲ್ಲಿ ಹಿಂದಿನ ಮಸೂರಕ್ಕೆ ಅಂಟಿಕೊಂಡು ಸೊಟ್ಟಪಟ್ಟ ಆಗಿತ್ತು. ತೂತು ಒಡೆದ ಮಣಿ ಹೇಗಿರುತ್ತದೋ ಹಾಗೆ. ಅಂಥ ಮಣಿ ಕೈಗೆ ಬಂದರೆ ನಾನು ಹಿಂದೆ ಮುಂದೆ ನೋಡದೆ ಬಿಸಾಡುತ್ತೇನೆ.

"ಮೈಮ್ಯಾಲ ಎಲ್ಲ್ಯಾದರೂ ಚರ್ಮದ ತ್ರಾಸ ಅದಯೇನ್ರಿ?"

ನಾನು ಕುಪ್ಪಸದ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ. ಕಣ್ಣು ತೋರಿಸಲು ಬಂದವಳು ಮೈ ಯಾಕೆ ತೋರಿಸಬೇಕು? ನಮ್ಮ ಮನೆಯವರು ನೆಲ ನೋಡುತ್ತಾ, "ತೋರ್ಸು," ಅಂದರು. ತೋಳು ಮೇಲಕ್ಕೆ ಸರಿಸಿದೆ. ಡಾಕ್ಟರು ಬರಿಗೈಯಿಂದಲೇ ಮುಟ್ಟಿ ನೋಡಿದರು. ಬೆಳಿಗ್ಗೆ ಏಳುವಾಗ ಸೊಂಟ ಬಿಗಿಯುತ್ತದೆಯೇ ಎಂದು ಕೇಳಿದರು. ಹೌದು. ಬೆರಳು ಬಾತಿದೆಯೇ? ಒಂದು ಬೆರಳು ಉಂಗುರ ತೆಗೆಯಲಾಗದಷ್ಟು ಬಾತಿತ್ತು. ಸೊಂಟಕ್ಕೆ ದಿನವಿಡೀ ಕೂಡುವುದು ಕಾರಣ, ಬೆರಳಿಗೆ ದಾರ ಎಳೆಯುವುದು ಕಾರಣ, ಕಣ್ಣಿಗೆ ಸೂಜಿ ಕಾರಣ, ಚರ್ಮಕ್ಕೆ ಬದನೆಕಾಯಿ ಕಾರಣ ಎಂದು ನಾನು ಒಂದೊಂದಕ್ಕೆ ಒಂದೊಂದು ಹೆಸರು ಇಟ್ಟುಕೊಂಡಿದ್ದೆ.

"ಇವೆಲ್ಲ ಬ್ಯಾರೆ ಬ್ಯಾರೆ ಅಲ್ರಿ," ಅಂದರು ಡಾಕ್ಟರು. "ಮ್ಯಾಲ ಚರ್ಮ, ಒಳಗ ಕೀಲು, ಕಣ್ಣು. ಸೋರಿಯಾಸಿಸ್ ಇದ್ದವರಿಗಿ ಕಣ್ಣಿನ ಒಳಗ ಉರಿ ಏಳ್ತದ. ಯುವೈಟಿಸ್ ಅಂತೀವಿ. ಎಲ್ಲರಿಗೂ ಬರೂದಿಲ್ಲ. ಬಂದರ ಮಾತ್ರ ಬಿಟ್ಟು ಕೂಡಬಾರದು."

ಅದು ಒಳಗೂ ಬಂದಿತ್ತು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಬಂದಿದ್ದಳು. ಮೊಣಕೈಗೆ ತೋಳು ಇತ್ತು, ಕತ್ತಿಗೆ ಸೆರಗು ಇತ್ತು, ತಲೆಗೆ ಎಣ್ಣೆ ಇತ್ತು. ಕಣ್ಣಿಗೆ ಏನು ಹೊದಿಸಲಿ? ಇಷ್ಟು ವರ್ಷ ಅದನ್ನು ಜನರ ಕಣ್ಣಿಂದ ಮರೆಮಾಡಲು ಹೆಣಗಿದೆ. ಅದು ನನ್ನ ಕಣ್ಣಿನೊಳಗೇ ಹೋಗಿ ಕೂತಿತು.

ಉಳಿದದ್ದನ್ನು ಡಾಕ್ಟರು ನಮ್ಮ ಮನೆಯವರಿಗೆ ಹೇಳಿದರು, ನನಗೂ ಕೇಳಿಸಿತು. ಆ ಬಾಟಲಿಯಲ್ಲಿದ್ದದ್ದು ಸ್ಟೆರಾಯ್ಡ್ ಡ್ರಾಪ್ಸ್. ಅದು ಈ ರೋಗಕ್ಕೆ ಬೇಕಾದ ಔಷಧವೇ, ಆದರೆ ನೋಡಿಕೊಳ್ಳುವವರಿಲ್ಲದೆ ಹಾಕಿ, ಬಿಟ್ಟು, ಹಾಕಿ, ಬಿಟ್ಟು ಮಾಡಿದ್ದರಿಂದ ಉರಿಯೂ ಆರಲಿಲ್ಲ, ಕಣ್ಣಿನ ಪ್ರೆಶರ್ ಕೂಡ ಏರಿತ್ತು. ಒಳಗಿನ ನರ ಸವೆದಿತ್ತು. ಸವೆದ ನರ ಮತ್ತೆ ಬರುವುದಿಲ್ಲ. ಪೊರೆಯೂ ಬಂದಿತ್ತು, ಅದನ್ನು ಆಪರೇಷನ್ ಮಾಡಿ ತೆಗೆಯಬಹುದು, ಆದರೆ ಕಣ್ಣು ತಿಂಗಳುಗಟ್ಟಲೆ ತಣ್ಣಗಿರಬೇಕು, ಆಮೇಲೆ ನೋಡೋಣ. ನೋಡೋಣ ಎನ್ನುವ ಮಾತು ಕಣ್ಣಿನ ಆಸ್ಪತ್ರೆಯಲ್ಲಿ ಎಷ್ಟು ಸಲ ಬರುತ್ತದೆ ಎಂಬುದು ಅಲ್ಲಿ ಕೂತವರಿಗೇ ಗೊತ್ತು. ಬಲಗಣ್ಣು ಹೋಯಿತು ಎಂದೇ ಲೆಕ್ಕ. ನನಗೆ ಉಳಿದದ್ದು ಎಡಗಣ್ಣು, ಅದರ ಮೇಲೆ ನಿಂತ ನನ್ನ ಕೆಲಸ.

ಆಮೇಲಿನ ತಿಂಗಳುಗಳ ಬಗ್ಗೆ ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಸುಳ್ಳಾಗುತ್ತದೆ.

ಕೀಲಿನ ಡಾಕ್ಟರು ವಾರಕ್ಕೊಂದು ದಿನ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರು. ನುಂಗಿದ ಮರುದಿನ ಜೋಳದ ರೊಟ್ಟಿಯ ವಾಸನೆಗೂ ವಾಂತಿ ಬರುತ್ತಿತ್ತು. ಆಗಾಗ ರಕ್ತ ತೆಗೆದು ಯಕೃತ್ತು ಸರಿ ಇದೆಯೇ ಎಂದು ನೋಡುತ್ತಿದ್ದರು. ಚರ್ಮ ಸ್ವಲ್ಪ ಸ್ವಚ್ಛವಾಯಿತು. ಅದೊಂದು ಅಣಕ. ಸ್ವಚ್ಛವಾದದ್ದನ್ನು ನೋಡಿಕೊಳ್ಳಲು ಒಂದೇ ಕಣ್ಣು. ಒಂದು ಕಣ್ಣಿನಿಂದ ದೂರ ಹತ್ತಿರ ತಿಳಿಯುತ್ತಿರಲಿಲ್ಲ. ಲೋಟಕ್ಕೆ ಹಾಕಿದ ಚಹಾ ನೆಲಕ್ಕೆ ಬೀಳುತ್ತಿತ್ತು. ಬಲಗಡೆಯಿಂದ ಬಂದ ಬೈಕು ಹತ್ತಿರ ಬಂದ ಮೇಲೆಯೇ ಕಾಣುತ್ತಿತ್ತು. ಕಟ್ಟೆಗೆ ಹೋಗಿ ಕೂಡುತ್ತಿದ್ದೆ, ಸೂಜಿ ಹಿಡಿಯುತ್ತಿದ್ದೆ, ಮೊದಲು ಒಂದು ಹೊತ್ತಿನಲ್ಲಿ ಮುಗಿಯುತ್ತಿದ್ದ ಸರ ಸಂಜೆಯವರೆಗೂ ಮುಗಿಯುತ್ತಿರಲಿಲ್ಲ. ಎದುರು ಕೂತವರು ಕಾಲು ಬದಲಿಸಿ ಬದಲಿಸಿ ಬೇಸತ್ತು ಹೋಗುತ್ತಿದ್ದರು.

ಬೆಳಗಾಗದೆ ಇದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು. ಇದನ್ನು ನಾನು ಮಗಳಿಗೆ ಹೇಳಿಲ್ಲ. ಫೋನಿನಲ್ಲಿ, "ಕಣ್ಣು ಹ್ಯಾಂಗ ಅದ ಅವ್ವಾ?" ಅಂದರೆ, "ಆರಾಮ ಅದ," ಅನ್ನುತ್ತಿದ್ದೆ. ದೇವರ ಮುಂದೆ ದೀಪ ಹಚ್ಚುವುದನ್ನು ಕೆಲವು ದಿನ ಬಿಟ್ಟಿದ್ದೆ. ಸಿಟ್ಟು ಬಂದಿತ್ತು. ಕಂಡಕಂಡವರಿಗೆ ಬೈಯುವ ಬಾಯಿ ನನ್ನದು, ದೇವರನ್ನು ಬಿಡುತ್ತೇನೆಯೇ?

ಎಡಗಣ್ಣು ಕೆಂಪಾದದ್ದು ಈ ಬೇಸಿಗೆಯಲ್ಲಿ.

ಕನ್ನಡಿ ಮುಂದೆ ನಿಂತಿದ್ದೆ. ಒಳಮೂಲೆಯಿಂದ ಅಲ್ಲ, ಕಪ್ಪು ಗುಡ್ಡೆಯ ಸುತ್ತ ಕೆಂಪು. ಇದು ಒಳಗಿನ ಅದೇ ರೋಗ ಎಂದು ತಿಳಿಯಲು ಈ ಸಲ ಯಾರನ್ನೂ ಕೇಳಬೇಕಾಗಿರಲಿಲ್ಲ. ಕನ್ನಡಿಯನ್ನು ಗೋಡೆಗೆ ತಿರುವಿ ಇಟ್ಟು ಒಳಗೆ ಹೋಗಿ ಮಲಗಿದೆ. ನಮ್ಮ ಮನೆಯವರು ಗಿರಣಿಗೆ ಹೇಳಿ ಬಂದು, "ಏಳು, ಬಸ್ಸ ಅದ, ಹೋಗಮು," ಅಂದರು.

"ನಾ ಬರಾಂಗಿಲ್ಲ."

"ಯಾಕ?"

"ಹೋದರ ಹೋಗ್ಲಿ ಬಿಡ್ರಿ. ಎರಡೂ ಹೋದರ ಒಂದ ಚಿಂತಿ ತೀರ್ತದ. ದಿನಾ ಉಳದದೋ ಹೋಗ್ಯದೋ ಅಂತ ನೋಡೂದು ನನ್ನ ಕಡಿಂದ ಆಗೂದಿಲ್ಲ."

ಅವರು ಜಗಳ ಆಡಿದರೆ ನಾನೂ ಆಡುತ್ತಿದ್ದೆ. ಆಡಲಿಲ್ಲ. ಹೊರಗೆ ಹೋಗಿ ಖಾಲಾಳನ್ನು ಕರೆದುಕೊಂಡು ಬಂದರು. ಖಾಲಾ ಅಂಗಡಿ ಬಿಟ್ಟು ಬಂದವಳು ಬಾಗಿಲಲ್ಲೇ ನಿಂತು ಶುರು ಮಾಡಿದಳು.

"ಏ ಕಸ್ತೂರಿ, ನಿನ್ನ ಕಣ್ಣು ನಿನ್ನೊಬ್ಬಾಕಿದೇನು? ನಾಳಿ ನಿನ್ನ ಗಂಡ ನಿನ್ನ ಕೈ ಹಿಡ್ಕೊಂಡು ಪಾಯಖಾನಿಗಿ ಒಯ್ಯಬೇಕು, ತಿಳೀತೇನು? ಅವನ ಮಾರಿ ನೋಡ ಒಮ್ಮೆ. ಏಳ್, ಉಠ್."

ನಾನು ಅವರ ಮುಖ ನೋಡಿದೆ. ಹಿಟ್ಟಿನ ಧೂಳು ಮೆತ್ತಿದ ಮುಖ. ಹುಬ್ಬೂ ಬಿಳಿ. ಒಂದು ಕಣ್ಣಿನಲ್ಲಿ ಅಷ್ಟು ಕಂಡಿತು. ಎದ್ದು ಸೀರೆ ಬದಲಿಸಿದೆ.

ಬೀದರದಲ್ಲಿ ನರ್ಸ್ ಎಡಗಣ್ಣಿಗೆ ಅಗಲ ಮಾಡುವ ಡ್ರಾಪ್ಸ್ ಹಾಕಿ ಹೊರಗಿನ ಬೆಂಚಿನ ಮೇಲೆ ಕೂಡಿಸಿದಳು. ಪಾಪೆ ದುಂಡಗೆ ತೆರೆದರೆ ಸಮಯಕ್ಕೆ ಬಂದಂತೆ. ಸೊಟ್ಟಗೆ ತೆರೆದರೆ ಬಲಗಣ್ಣಿನ ಕತೆಯೇ. ಸಾಲಾಗಿ ಕೂತ ಎಲ್ಲರ ಕಣ್ಣಿಗೂ ಡ್ರಾಪ್ಸ್ ಹಾಕಿದ್ದರು. ನನ್ನ ಪಕ್ಕದಲ್ಲಿ ಜನವಾಡದ ಒಬ್ಬ ಮುದುಕಿ, ಪೊರೆ ತೋರಿಸಲು ಬಂದವಳು. ನಾನು ಹೆದರಿಕೆಗೆ ಕೊರಳಿನ ಕರಿಮಣಿಯನ್ನು ಬೆರಳಿಗೆ ಸುತ್ತುತ್ತಾ, ಎಳೆಯುತ್ತಾ ಕೂತಿದ್ದೆ. ಪ್ರತಿ ವರ್ಷ ಪಂಚಮಿಗೆ ಮೊದಲು ಹೊಸ ದಾರಕ್ಕೆ ಪೋಣಿಸಿಕೊಳ್ಳುತ್ತಿದ್ದವಳು, ಕಣ್ಣು ಕೆಟ್ಟಾಗಿನಿಂದ ಊರಿನವರದ್ದೇ ಮುಗಿಯದೆ ನನ್ನದನ್ನು ಹಾಗೇ ಬಿಟ್ಟಿದ್ದೆ.

ದಾರ ಹರಿಯಿತು.

ಮಣಿ ನೆಲದ ಮೇಲೆ ಜಿಗಿದು ಓಡಿದ ಸದ್ದು ಕೇಳಿಸಿತು. ಬಗ್ಗಿ ನೋಡಿದೆ. ಡ್ರಾಪ್ಸಿನಿಂದ ಕಣ್ಣು ಮಸುಕಾಗಿ ನೆಲ ಬೆಳ್ಳಗೆ ಒಂದೇ ಬೆಳಕಾಗಿ ಕಂಡಿತು. ಒಂದು ಮಣಿಯೂ ಕಾಣಲಿಲ್ಲ. "ಅಯ್ಯ, ಕರಿಮಣಿ ಹೆಚ್ಚ್ಯಾವ ನೋಡ್ರೋ," ಎಂದು ಮುದುಕಿ ಕೂಗಿದಳು. ಹರಿಯಿತು ಎನ್ನುವುದು ಅಪಶಕುನವಾದ್ದರಿಂದ ನಮ್ಮ ಕಡೆ ಹಾಗೇ ಹೇಳುವುದು. ಬೆಂಚಿನ ಮೇಲೆ ಇದ್ದವರೆಲ್ಲ ಕೆಳಗಿಳಿದು ನೆಲ ತಡವತೊಡಗಿದರು. ಒಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಪಾಪೆ ಅಗಲ ಮಾಡಿಸಿಕೊಂಡ ಗಂಡಸರು, ಹೆಂಗಸರು, ಒಬ್ಬ ಪೊಲೀಸಿನವನು ಕೂಡ, ಮೊಣಕಾಲೂರಿ ನೆಲ ಸವರುತ್ತಿದ್ದಾರೆ. ಒಬ್ಬರ ತಲೆ ಇನ್ನೊಬ್ಬರಿಗೆ ಡಿಕ್ಕಿ ಹೊಡೆಯಿತು. ಸಿಕ್ಕ ಮಣಿಗಳನ್ನು ನನ್ನ ಕೈಗೆ ಹಾಕಿದರು. ಕೈಯಲ್ಲಿ ಮಣಿಯ ಜೊತೆ ಒಂದು ಕಡಲೆಕಾಳೂ ಇತ್ತು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

ನಮ್ಮ ಮನೆಯವರು ಹೊರಗೆ ಓಡಿ ಕಿರಾಣಿ ಅಂಗಡಿಯಿಂದ ಅರಿಶಿನದ ಕೊಂಬು, ದಾರ ತಂದರು. ಮುತ್ತೈದೆ ಬರಿಗೊರಳಲ್ಲಿ ಇರಬಾರದಲ್ಲ. ಕೊಂಬು ಕಟ್ಟಿದ ದಾರವನ್ನು ಅಲ್ಲೇ ಬೆಂಚಿನ ಮೇಲೆ ನನ್ನ ಕೊರಳಿಗೆ ಹಾಕಿದರು.

"ಮತ್ತೊಮ್ಮೆ ಲಗ್ನ ಆತು ನೋಡ್ರಿ ನಿಮ್ಮದು," ಅಂದಳು ಜನವಾಡದ ಮುದುಕಿ. "ಅಕ್ಕಿಕಾಳು ಇದ್ದಿಲ್ಲ, ಇಲ್ಲಂದ್ರ ಹಾಕ್ತಿದ್ದೆ."

ಒಳಗೆ ಕರೆದರು. ಗಲ್ಲ ಇಟ್ಟೆ, ಹಣೆ ಒತ್ತಿದೆ. ಡಾಕ್ಟರು ನೋಡಿದಷ್ಟು ಹೊತ್ತು ನಾನು ಕೊರಳಿನ ಅರಿಶಿನದ ಕೊಂಬು ಹಿಡಿದುಕೊಂಡಿದ್ದೆ.

"ದುಂಡಗ ತೆರದದರಿ," ಅಂದರು. "ಎಲ್ಲೂ ಅಂಟಿಲ್ಲ. ಈ ಸಲ ಲಗೂನೇ ಬಂದೀರಿ."

ನಾನು ಮೆಷಿನ್ ಹಿಡಿದುಕೊಂಡೇ ಅತ್ತೆ. ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕು, ಅಗಲ ಮಾಡುವ ಔಷಧ ಕೆಲವು ವಾರ ನಡೆಯಬೇಕು, ಅಲ್ಲಿಯವರೆಗೆ ಹತ್ತಿರದ್ದೇನೂ ಕಾಣುವುದಿಲ್ಲ, ಸೂಜಿ ಮುಟ್ಟಬೇಡಿ ಅಂದರು. ಆಮೇಲೆ ಮತ್ತೆ ಬರುವುದಿಲ್ಲವೇ ಎಂದು ನಮ್ಮ ಮನೆಯವರು ಕೇಳಿದರು. ಡಾಕ್ಟರು ಸುಳ್ಳು ಹೇಳಲಿಲ್ಲ. "ಬರಬಹುದು. ಬಂದ ದಿವಸಾನೇ ಇಲ್ಲಿಗಿ ಬರಬೇಕು. ಜೀವನ ಇರೋತನ ಹಿಂಗೇ ಅಮ್ಮ," ಅಂದರು. ಮಸುಕು ಬೆಳಕಿನಲ್ಲಿ ಅವರ ಕಡೆಗೆ ಅಂದಾಜಿನ ಮೇಲೆ ಕೈ ಮುಗಿದೆ.

ಅರಿಶಿನದ ಕೊಂಬಿನಲ್ಲಿ ಅಷ್ಟು ದಿನ ಇರಲಾಗದು. ಬಸ್ಸಿಗೆ ಮೊದಲು ಬೀದರದಲ್ಲೇ ಕರಿಮಣಿ ಪೋಣಿಸುವ ಒಬ್ಬಾಕೆಯ ಹತ್ತಿರ ಹೋದೆವು. ಮದುವೆಯಾದ ಮೇಲೆ ನನ್ನ ಸರವನ್ನು ಮೊದಲು ಅತ್ತೆ, ಆಮೇಲೆ ನಾನೇ ಪೋಣಿಸಿದ್ದು. ಹೊರಗಿನವರ ಎದುರು ಗಿರಾಕಿಯಾಗಿ ಈ ಕಡೆ ಕೂತದ್ದು ಇದೇ ಮೊದಲು. ದನಿಯ ಮೇಲೆ ಹೇಳುವುದಾದರೆ ಆಕೆ ಚಿಕ್ಕ ವಯಸ್ಸಿನವಳು. ನಾನು ಮಣಿಗಳನ್ನೂ ತಾಳಿ ಉಳಿದಿದ್ದ ಸರದ ತುಂಡನ್ನೂ ಅಂಗೈಯಲ್ಲಿ ಹಿಡಿದು ಚಾಚಿದೆ. ಆಕೆ ಕೈ ಮುಂದೆ ತರಲಿಲ್ಲ. ತಟ್ಟೆ ಸರಿಸಿದ ಸದ್ದಾಯಿತು.

"ಇದರಾಗ ಹಾಕ್ರಿ."

ಹಾಕಿದೆ. ಆಕೆ ಹಳೆಯ ಸರದ ತುಂಡನ್ನು ಎತ್ತಿ ನೋಡಿರಬೇಕು.

"ತಾಳಿ ಹಂತೇಲಿ ಈ ಗಂಟು ಯಾರು ಹಾಕ್ಯಾರ್ರಿ? ದಾರ ಹೋಗ್ಯದ, ಗಂಟು ಜರಾನೂ ಹಂದಾಡಿಲ್ಲ. ಕತ್ತರಿಸ್ಲಾಕ ಮನಸ ಬರವಲ್ದು."

"ಅಕೀನೇ ಹಾಕಿದ್ದು," ಅಂದರು ನಮ್ಮ ಮನೆಯವರು.

"ಹೌದೇನ್ರಿ ಅಕ್ಕಾ? ನೀವೂ ಇದೇ ಕೆಲಸ ಮಾಡ್ತೀರೇನು?"

"ಮಾಡ್ತಿದ್ದೆ."

ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಅಲ್ಲಿಯವರೆಗೆ ಯಾರ ಮುಂದೆಯೂ ಹಾಗೆ ಹೇಳಿರಲಿಲ್ಲ. ಸೂಜಿ ಮಣಿಗೆ ತಾಗುವ ಸಣ್ಣ ಸದ್ದು ನಡೆಯಿತು. ನಾನು ಕಾಲು ಬದಲಿಸಿ ಬದಲಿಸಿ ಕೂತೆ. ನಡುವೆ ಹೊತ್ತಾಯಿತೆಂದು ನಮ್ಮ ಮನೆಯವರು ನನ್ನ ಗಲ್ಲ ಎತ್ತಿ ಡ್ರಾಪ್ಸ್ ಹಾಕಿದರು.

ಸರ ಮುಗಿದ ಮೇಲೆ ಕೊನೆಯ ಗಂಟು ಕೊರಳ ಹಿಂದೆಯೇ ಕಟ್ಟಬೇಕು. ಆಕೆ ಎದ್ದು ನನ್ನ ಹಿಂದೆ ಬಂದಳು. ಸೆರಗು ಸರಿಸಿದಳು. ಕತ್ತಿನ ಹಿಂಭಾಗದಲ್ಲಿ ನನ್ನ ರೋಗ ಇನ್ನೂ ದಪ್ಪಗಿದೆ, ಮಾತ್ರೆಗೂ ಅಲ್ಲಿಂದ ಜಗ್ಗಿಲ್ಲ. ಆಕೆಯ ಬೆರಳು ತಾಗಿತು, ಚಟ್ಟನೆ ಹಿಂದೆ ಹೋಯಿತು.

"ಇದು ಹರಡ್ತದೇನ್ರಿ?"

"ಇಲ್ಲವ್ವ."

ಆಕೆ ಕಟ್ಟಿದಳು. ಅವಸರದಲ್ಲಿ, ಬೆರಳ ತುದಿಯಲ್ಲಿ ಕಟ್ಟಿದಳು. ನಾನು ಅರಿಶಿನದ ದಾರ ಬಿಚ್ಚುವ ನೆಪದಲ್ಲಿ ಕೈ ಹಿಂದೆ ಒಯ್ದು ಸವರಿ ನೋಡಿದೆ. ಗಂಟು ಸಡಿಲವಿತ್ತು. ಬಿಚ್ಚಿ ಮತ್ತೆ ಕಟ್ಟು ಅನ್ನಬಹುದಿತ್ತು. ಅಂದಿದ್ದರೆ ಆಕೆ ಮತ್ತೊಮ್ಮೆ ನನ್ನನ್ನು ಮುಟ್ಟಬೇಕಿತ್ತು.

"ಛಲೋ ಆಗ್ಯದವ್ವ," ಅಂದೆ.

ಎಡಗಣ್ಣು ಇವತ್ತಿಗೆ ಇದೆ. ನಾಳೆ ಬೆಳಿಗ್ಗೆ ಎದ್ದು ಮತ್ತೆ ನೋಡಿಕೊಳ್ಳಬೇಕು. ಕೊರಳಲ್ಲಿ ಅದೇ ಗಂಟಿದೆ, ನಡೆಯುವಾಗ ಒಂದು ಕೈ ಅದರ ಮೇಲೆ ಇಟ್ಟುಕೊಂಡಿರುತ್ತೇನೆ.